ದೂರ ಹೋದಾಗ ಮಾತ್ರ ನಿಲ್ಲುವ ಎಂಜಿನ್: ಪಾರ್ಟ್ ಬದಲಿಸುವ ಮೊದಲು ಕಾರಣ ಹಿಡಿಯೋದು ಹೇಗೆ?

ಊರೊಳಗೆ ಓಡಾಡಿದರೆ ಏನೂ ತೊಂದರೆ ಇಲ್ಲ. ಹೊಲಕ್ಕೆ ಹೋಗಿ ಬಂದರೂ ಸರಿ. ಆದರೆ ರಾಯಚೂರಿಗೋ ಸಿಂಧನೂರಿಗೋ ಹೊರಟರೆ ನಡುದಾರಿಯಲ್ಲಿ ಎಂಜಿನ್ ಗಪ್ಪನೆ ಆಫ್. ಹದಿನೈದು-ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುವಿದರೆ ಏನೂ ಆಗಿಲ್ಲ ಅನ್ನುವಂತೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಅಲ್ಲಿ ಒಂದು ಸಲವೂ ನಿಲ್ಲೋದಿಲ್ಲ. ಮೆಕ್ಯಾನಿಕ್ ಒಂದು ಪಾರ್ಟ್ ಹಾಕ್ತಾನೆ, ದುಡ್ಡು ತಗೋತಾನೆ, ಮುಂದಿನ ವಾರ ಗಾಡಿ ಮತ್ತೆ ಅದೇ ರಸ್ತೆಯಲ್ಲಿ ನಿಲ್ತದೆ.

ನಾನು ಪಾಮನಕಲ್ಲೂರು ಭಾಗದಲ್ಲಿ ಒಕ್ಕಲುತನದ ಜೊತೆಗೆ ಗಾಡಿ ರಿಪೇರಿ ಕೆಲಸವನ್ನೂ ಮಾಡ್ತೀನಿ. ಹತ್ತಿ ಬಿಡಿಸುವ ಹಂಗಾಮು ಶುರುವಾಗಿ ಮೆಣಸಿನಕಾಯಿ ಮುಗಿಯುವ ತನಕ ನನ್ನ ಹತ್ತಿರ ಹೆಚ್ಚು ಬರುವ ದೂರು ಇದೇ. ಸೆಕೆಂಡ್ ಹ್ಯಾಂಡ್ ವ್ಯಾನು, ಹಳೇ ಕಾರು, ಪಿಕಪ್, ಯಾವುದಾದರೂ ಇರಲಿ, ನಮ್ಮ ಹುಡುಗರಿಗೆ ಅದು ಮನೆಯ ಗಾಡಿಯೂ ಹೌದು, ದುಡಿಯುವ ಗಾಡಿಯೂ ಹೌದು. ಅದು ನಡುದಾರಿಯಲ್ಲಿ ನಿಂತರೆ ಮಾರ್ಕೆಟ್ ಟೈಮ್ ತಪ್ಪುತ್ತದೆ, ಆಸ್ಪತ್ರೆ ಟೈಮ್ ತಪ್ಪುತ್ತದೆ.

ಈ ವಾರದ ಪಾಠದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಂಡರೂ ಸಾಕು: ಇಂಥ ಗಾಡಿಯ ರೋಗ ಕಾಣೋದು ಅದು ನಿಂತ ಮೊದಲ ಹತ್ತು ನಿಮಿಷದಲ್ಲಿ ಮಾತ್ರ. ಎಂಜಿನ್ ತಣ್ಣಗಾದರೆ ಸಾಕ್ಷಿ ಹೋಯ್ತು. ಆ ಹತ್ತು ನಿಮಿಷ ಗಾಡಿಯ ಹತ್ತಿರ ಇರೋದು ಮೆಕ್ಯಾನಿಕ್ ಅಲ್ಲ, ನೀವು. ಆದ್ದರಿಂದ ಅರ್ಧ ಪರೀಕ್ಷೆ ನೀವೇ ಮಾಡಬೇಕು. ಕೈಯಲ್ಲಿ ಫೋನ್ ಇದ್ದರೆ ಅದು ಕಷ್ಟದ ಕೆಲಸವೇನಲ್ಲ.

ದೂರ ಹೋದಾಗ ಮಾತ್ರ ಯಾಕೆ?

ಎಂಜಿನ್ ಓಡಬೇಕಾದರೆ ನಾಲ್ಕು ಬೇಕು: ಇಂಧನ, ಗಾಳಿ, ಸರಿಯಾದ ಹೊತ್ತಿಗೆ ಕಿಡಿ, ಮತ್ತು ಹೊಗೆ ಹೊರಗೆ ಹೋಗಲು ದಾರಿ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಗಾಳಿಯನ್ನು ಒತ್ತಿದ ಬಿಸಿಯಲ್ಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಈ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಎಂಜಿನ್ ನಿಲ್ಲುತ್ತದೆ.

ಊರೊಳಗಿನ ಓಡಾಟಕ್ಕೂ ದೂರದ ಓಟಕ್ಕೂ ಮೂರು ವ್ಯತ್ಯಾಸ ಇವೆ.

1. ಬಿಸಿ. ನಲವತ್ತು ನಿಮಿಷ ಓಡಿದ ಮೇಲೆ ಎಂಜಿನ್ ಮಾತ್ರ ಅಲ್ಲ, ಅದರ ಸುತ್ತ ಇರುವ ವೈರು, ಸೆನ್ಸರ್, ಕಾಯಿಲ್, ಪೈಪು ಎಲ್ಲವೂ ಕಾಯುತ್ತವೆ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಬಿಸಿಗೆ ಲೋಹ ಹಿಗ್ಗುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟ ತಂತಿ ತಣ್ಣಗಿದ್ದಾಗ ಕೂಡಿಕೊಂಡಿರುತ್ತದೆ, ಬಿಸಿಯಾದಾಗ ಬಿಡುತ್ತದೆ.
2. ಹೊರೆ. ಹೈವೇಯಲ್ಲಿ ಲೋಡ್ ಹಾಕಿಕೊಂಡು ಹೋಗುವಾಗ ಎಂಜಿನ್ ಕೇಳುವ ಇಂಧನ ಹೆಚ್ಚು.
3. ಸಮಯ. ಟ್ಯಾಂಕಿನ ತಳದ ಕಸ ನಿಧಾನಕ್ಕೆ ಬಂದು ಜಾಲರಿಗೆ ಅಂಟಿಕೊಳ್ಳಲಿಕ್ಕೆ, ಚಾರ್ಜ್ ಆಗದ ಬ್ಯಾಟರಿ ಖಾಲಿಯಾಗಲಿಕ್ಕೆ ಸಮಯ ಬೇಕು.

ಎರಡನೆಯದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದು ಗೊತ್ತು. ಮೇಲಿನವರಿಗೆ ನೀರಿನ ಅಗತ್ಯ ಕಡಿಮೆ ಇದ್ದಾಗ ಕೊನೆಯ ಹೊಲಕ್ಕೂ ನೀರು ಬರುತ್ತದೆ. ಎಲ್ಲರೂ ಒಮ್ಮೆಗೇ ನೀರು ಕಟ್ಟಿದರೆ ಕೊನೆಗೆ ಹನಿಯೂ ಇಲ್ಲ. ಅರ್ಧ ಕಟ್ಟಿದ ಫಿಲ್ಟರ್ ಹಾಂಗೇ. ನಿಧಾನ ಹೋದರೆ ಎಂಜಿನ್ನಿಗೆ ಸಾಕಾಗುವಷ್ಟು ಪೆಟ್ರೋಲ್ ಬರುತ್ತದೆ, ಎಕ್ಸಲರೇಟರ್ ಒತ್ತಿದರೆ ಸಾಕಾಗೋದಿಲ್ಲ.

ಒಂದು ವ್ಯಾನಿನ ಕೇಸು

ಹೋದ ಹಂಗಾಮಿನಲ್ಲಿ ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಹಳೇ ಪೆಟ್ರೋಲ್ ವ್ಯಾನ್ ತಂದ. ವಾರಕ್ಕೆ ಎರಡು ಸಲ ರಾಯಚೂರಿಗೆ ಹೋಗಬೇಕು. ಒಂದು ಸಲ ಹತ್ತಿ ಮಾರ್ಕೆಟ್ಟಿಗೆ, ಇನ್ನೊಂದು ಸಲ ತಾಯಿಯನ್ನು ಕರೆದುಕೊಂಡು ಆಸ್ಪತ್ರೆಗೆ. ವ್ಯಾನ್ ನಿಲ್ಲೋದು ಶುರುವಾಗಿ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಪ್ಲಗ್, ಬ್ಯಾಟರಿ, ಕೊನೆಗೆ ಇಂಧನ ಪಂಪ್ ಕೂಡ ಹೊಸದು ಹಾಕಿಸಿದ್ದ. ಹತ್ತಿರ ಹತ್ತಿರ ಎರಡು ಕ್ವಿಂಟಲ್ ಹತ್ತಿ ಮಾರಿದ ದುಡ್ಡು ಹೋಗಿತ್ತು. ಹಿಂದಿನ ಸಲ ಮಧ್ಯಾಹ್ನದ ಬಿಸಿಲಿನಲ್ಲಿ ತಾಯಿ ಹಿಂದಿನ ಸೀಟಿನಲ್ಲಿ ಕೂತಿರುವಾಗಲೇ ನಿಂತಿದೆ. ಇನ್ನು ಮಾರಿಬಿಡ್ತೀನಿ ಅಂತ ಹೊರಟಿದ್ದ. ಆದರೆ ಕೇಳಲು ಬಂದವರು ಹೇಳಿದ ಬೆಲೆ ಅವನ ಸಾಲದ ಬಾಕಿಗಿಂತ ಕಡಿಮೆ.

ನಾನು ಅವನಿಗೆ ಹೇಳಿದ್ದು ಇಷ್ಟೇ: ಇನ್ನು ಮೂರು ಸಲ ನಿಲ್ಲುವ ತನಕ ಒಂದು ಪಾರ್ಟೂ ಹಾಕಬ್ಯಾಡ. ತಾಯಿಯನ್ನು ಬಸ್ಸಿಗೆ ಕಳಿಸು. ನಿಂತಾಗ ಏನೇನು ಆಯ್ತು ಅನ್ನೋದನ್ನ ಫೋನಿನಲ್ಲಿ ಬರೆದುಕೊಂಡು ಬಾ.

ಹೆಜ್ಜೆ 1: ಫೋನಿನಲ್ಲಿ ದಾಖಲೆ ಇಡಿ

ಗಾಡಿ ನಿಂತ ಕೂಡಲೆ ಮೊದಲು ಬದಿಗೆ ತಗೊಳ್ಳಿ. ಅದರ ಬಗ್ಗೆ ಮುಂದೆ ಹೇಳ್ತೀನಿ. ಆಮೇಲೆ ವಾಯ್ಸ್ ರೆಕಾರ್ಡ್ ಹಾಕಿಕೊಂಡು ಈ ಪ್ರಶ್ನೆಗಳಿಗೆ ಉತ್ತರ ಹೇಳಿ. ಟೈಪ್ ಮಾಡುವ ತಾಪತ್ರಯ ಬೇಡ.

- ಎಷ್ಟು ಗಂಟೆ? ಹೊರಟು ಎಷ್ಟು ನಿಮಿಷ, ಎಷ್ಟು ಕಿಲೋಮೀಟರ್ ಆಯ್ತು?
- ಲೋಡ್ ಇತ್ತೋ ಖಾಲಿಯೋ? ಏರು ರಸ್ತೆಯೋ ಸಮವೋ?
- ಎಸಿ, ಹೆಡ್‌ಲೈಟ್ ಹಾಕಿದ್ದಿರಾ?
- ಟೆಂಪರೇಚರ್ ಮುಳ್ಳು ಎಲ್ಲಿತ್ತು?
- ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು? ಕೊನೆಗೆ ಎಲ್ಲಿ ಹಾಕಿಸಿದ್ದು?
- ಜರ್ಕ್ ಹೊಡೆದು ಹೊಡೆದು ನಿಂತಿತೋ, ಸ್ವಿಚ್ ಆರಿಸಿದಂತೆ ಒಮ್ಮೆಗೇ ನಿಂತಿತೋ?
- ಮತ್ತೆ ಸ್ಟಾರ್ಟ್ ಆಗಲು ಎಷ್ಟು ನಿಮಿಷ ಬೇಕಾಯ್ತು?

ಜೊತೆಗೆ ಡ್ಯಾಶ್‌ಬೋರ್ಡಿನ ಫೋಟೊ ಒಂದು. ಕೀ ಆನ್ ಮಾಡಿ ಸ್ಟಾರ್ಟರ್ ತಿರುವುವಾಗಿನ ಸಣ್ಣ ವಿಡಿಯೊ ಒಂದು. ಅದರಲ್ಲಿ ಯಾವ ದೀಪ ಹತ್ತಿದೆ, ಆರ್‌ಪಿಎಂ ಮುಳ್ಳು ಅಲುಗುತ್ತದೋ ಇಲ್ಲವೋ, ಸ್ಟಾರ್ಟರ್ ಸದ್ದು ಹೇಗಿದೆ ಎಲ್ಲವೂ ದಾಖಲಾಗುತ್ತದೆ.

ಇವುಗಳಲ್ಲಿ ಬಹಳ ಬೆಲೆಯುಳ್ಳ ಪ್ರಶ್ನೆ ಯಾವುದು ಅಂದರೆ, ಹೇಗೆ ನಿಂತಿತು ಅನ್ನೋದು. ಸ್ವಿಚ್ ಆರಿಸಿದಂತೆ ಒಮ್ಮೆಗೇ ನಿಂತರೆ ಹೆಚ್ಚಾಗಿ ಕರೆಂಟಿನ ಕಡೆಯ ರೋಗ: ಸೆನ್ಸರ್, ಕಾಯಿಲ್, ರಿಲೇ, ವೈರು, ಕೀ ಸ್ವಿಚ್. ಮುಕ್ಕರಿಸಿ, ಜರ್ಕ್ ಹೊಡೆದು, ಶಕ್ತಿ ಇಳಿದು ನಿಂತರೆ ಹೆಚ್ಚಾಗಿ ಇಂಧನದ ಕಡೆಯ ಅಥವಾ ಹೊಗೆ ದಾರಿಯ ರೋಗ: ಫಿಲ್ಟರ್, ಪಂಪ್, ಟ್ಯಾಂಕ್, ಸೈಲೆನ್ಸರ್ ಲೈನ್. ಇದು ನೂರಕ್ಕೆ ನೂರು ನಿಯಮ ಅಲ್ಲ. ಆದರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅನ್ನೋದನ್ನ ಇದೇ ಹೇಳುತ್ತದೆ.

ಹುಡುಗ ತಂದ ದಾಖಲೆ ಹೀಗಿತ್ತು: ಮೂರು ಸಲವೂ ಹೊರಟು 40ರಿಂದ 50 ನಿಮಿಷದ ನಡುವೆ. ಮೂರೂ ಸಲ ಹಗಲು. ಟೆಂಪರೇಚರ್ ಮುಳ್ಳು ನಡುವೆಯೇ. ಪೆಟ್ರೋಲ್ ಅರ್ಧ ಟ್ಯಾಂಕ್. ಒಮ್ಮೆಗೇ ಆಫ್, ಜರ್ಕ್ ಇಲ್ಲ. ಇಪ್ಪತ್ತು ನಿಮಿಷಕ್ಕೆ ಮತ್ತೆ ಸ್ಟಾರ್ಟ್. ಬೆಳಗಿನ ಜಾವ ಹೊರಟ ದಿನ ನಿಂತೇ ಇಲ್ಲ. ಇಷ್ಟು ಕೇಳಿದ ಮೇಲೆ ಬಿಸಿಗೆ ಕೈಕೊಡುವ ಕರೆಂಟಿನ ಪಾರ್ಟಿನ ಮೇಲೆ ಅನುಮಾನ ಬಂತು. ಅನುಮಾನ ಬಂದ ಮಾತ್ರಕ್ಕೆ ಪಾರ್ಟ್ ತರುವಂತಿಲ್ಲ. ಅದನ್ನು ರಸ್ತೆಯ ಮೇಲೇ ಖಾತ್ರಿ ಮಾಡಿಕೊಳ್ಳಬೇಕು.

ಹೆಜ್ಜೆ 2: ನಿಂತ ಜಾಗದಲ್ಲಿ ಹತ್ತು ನಿಮಿಷ

ಮೊದಲು ಜೀವ, ಆಮೇಲೆ ಗಾಡಿ. ಓಡುತ್ತಿರುವಾಗ ಎಂಜಿನ್ ಆಫ್ ಆದರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕಿಗೆ ಸಿಗುವ ಎಂಜಿನ್ ಬಲ ಎರಡು-ಮೂರು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಪದೇ ಪದೇ ಪಂಪ್ ಮಾಡದೆ ಒಂದೇ ಸಮ ಒತ್ತಿ ಹಿಡಿಯಿರಿ, ಸ್ಟೀರಿಂಗನ್ನು ಬಲ ಹಾಕಿ ತಿರುವಿ ಎಡಕ್ಕೆ ತನ್ನಿ. ಗಾಡಿ ಪೂರ್ತಿ ನಿಲ್ಲುವ ತನಕ ಕೀ ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನ ಬೋರ್ಡನ್ನು ಸಾಕಷ್ಟು ಹಿಂದೆ ಇಡಿ. ಮಸ್ಕಿ, ಸಿಂಧನೂರು ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಲಾರಿಗಳ ಓಡಾಟ ಜೋರು, ರಾತ್ರಿ ಹೊತ್ತು ಗಾಡಿಯೊಳಗೆ ಯಾರನ್ನೂ ಕೂರಿಸಬೇಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ಸಂಖ್ಯೆ 112. ಎರಡನ್ನೂ ಇವತ್ತೇ ಸೇವ್ ಮಾಡಿಕೊಳ್ಳಿ.

ಇಲ್ಲಿಂದ ಮುಂದೆ ಪೆಟ್ರೋಲ್ ಗಾಡಿಯ ಪರೀಕ್ಷೆ, ಈ ಕ್ರಮದಲ್ಲೇ ಮಾಡಿ:

1. ಮೂಗು. ಪೆಟ್ರೋಲ್ ವಾಸನೆ, ಸುಟ್ಟ ವೈರಿನ ವಾಸನೆ ಬರುತ್ತದಾ? ಪೆಟ್ರೋಲ್ ಸೋರುತ್ತಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಕೀ ಆಫ್ ಮಾಡಿ ದೂರ ನಿಲ್ಲಿ.
2. ಮುಳ್ಳು. ಟೆಂಪರೇಚರ್ ಕೆಂಪಿನಲ್ಲಿ ಇದ್ದರೆ ಅದು ಓವರ್‌ಹೀಟ್. ಸ್ಟಾರ್ಟ್ ಮಾಡಲು ಹೋಗಬೇಡಿ. ರೇಡಿಯೇಟರ್ ಮುಚ್ಚಳ ಬಿಸಿ ಇರುವಾಗ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ.
3. ಟ್ಯಾಂಕಿನ ಮುಚ್ಚಳ. ನಿಧಾನ ತಿರುವಿ. ಜೋರಾಗಿ ಒಳಗೆ ಗಾಳಿ ಎಳೆದುಕೊಂಡ ಸದ್ದು ಬಂದು, ಕೂಡಲೆ ಗಾಡಿ ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ ಅಂತ ಅರ್ಥ.
4. ಕಿವಿ. ರೇಡಿಯೊ, ಫ್ಯಾನ್ ಬಂದ್ ಮಾಡಿ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಇಂಜೆಕ್ಷನ್ ಗಾಡಿಯಲ್ಲಿ ಟ್ಯಾಂಕಿನ ಕಡೆಯಿಂದ ಎರಡು-ಮೂರು ಸೆಕೆಂಡ್ ಗುಂಯ್ ಅನ್ನುವ ಪಂಪಿನ ಸದ್ದು ಬರಬೇಕು. ತಣ್ಣಗಿದ್ದಾಗ ಬರುವ ಸದ್ದು ನಿಂತಾಗ ಬರದಿದ್ದರೆ ಪಂಪ್, ಅದರ ರಿಲೇ, ಫ್ಯೂಸ್ ನೋಡಬೇಕು.
5. ಕಿಡಿ. ಸ್ಪಾರ್ಕ್ ಟೆಸ್ಟರ್ ಅನ್ನುವ ಸಣ್ಣ ಸಾಮಾನು ಆಟೊ ಅಂಗಡಿಗಳಲ್ಲಿ ಸಿಗುತ್ತದೆ. ಪ್ಲಗ್ ವೈರಿಗೆ ಸಿಕ್ಕಿಸಿ, ಕ್ಲಿಪ್ಪನ್ನು ಎಂಜಿನ್ ಲೋಹಕ್ಕೆ ಕೂಡಿಸಿ, ಇನ್ನೊಬ್ಬರಿಂದ ಸ್ಟಾರ್ಟರ್ ಹೊಡೆಸಿ ನೋಡಿ. ವೈರನ್ನು ಕೈಯಲ್ಲಿ ಹಿಡಿದು ನೋಡುವ ಹಳೇ ಪದ್ಧತಿ ಬೇಡ, ಕಾಯಿಲ್‌ನಿಂದ ಹೊರಡುವ ಕರೆಂಟು ಸಾವಿರಾರು ವೋಲ್ಟ್.
6. ಆರ್‌ಪಿಎಂ. ಸ್ಟಾರ್ಟರ್ ತಿರುಗುವಾಗ ಆರ್‌ಪಿಎಂ ತೋರಿಸುತ್ತದಾ, ಸೊನ್ನೆಯಲ್ಲೇ ಇರುತ್ತದಾ? ಇದು ಬಹಳ ಮುಖ್ಯ. ಇದಕ್ಕೆ ಮುಂದಿನ ಹೆಜ್ಜೆ.

ಹೆಜ್ಜೆ 3: ಗಾಡಿಯ ಕಂಪ್ಯೂಟರನ್ನು ಫೋನಿನಲ್ಲಿ ಓದೋದು

ಬಿಎಸ್-6 ಗಾಡಿಗಳಲ್ಲಿ, ಅಂದರೆ 2020ರ ಏಪ್ರಿಲ್‌ನಿಂದ ಬಂದ ಎಲ್ಲ ಕಾರು-ಪಿಕಪ್‌ಗಳಲ್ಲಿ, ಅದಕ್ಕೂ ಮೊದಲಿನ ಬಹುಪಾಲು ಬಿಎಸ್-4 ಕಾರುಗಳಲ್ಲಿ, ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಓಬಿಡಿ ಪೋರ್ಟ್ ಅಂತಾರೆ. ಬ್ಲೂಟೂತ್ ಓಬಿಡಿ ಅಡಾಪ್ಟರನ್ನು ಅದಕ್ಕೆ ಸಿಕ್ಕಿಸಿ, ಫೋನಿನಲ್ಲಿ ಒಂದು ಉಚಿತ ಓಬಿಡಿ ಆಪ್ ಹಾಕಿಕೊಂಡರೆ ಎಂಜಿನ್ನಿನ ಕಂಪ್ಯೂಟರ್ ಏನು ನೋಡುತ್ತಿದೆಯೋ ಅದು ನಿಮಗೂ ಕಾಣುತ್ತದೆ. ಊರಿನ ನಾಲ್ಕು ಜನ ಕೂಡಿ ಒಂದು ತಂದರೂ ಸಾಕು.

ನೋಡಬೇಕಾದ್ದು ನಾಲ್ಕೇ ಅಂಕಿ:

- ಕೂಲಂಟ್ ಬಿಸಿ: ಬಹುತೇಕ ಗಾಡಿಗಳಲ್ಲಿ 85ರಿಂದ 100 ಡಿಗ್ರಿ ಆಸುಪಾಸು ಇರಬೇಕು. 110 ದಾಟಿ ಏರುತ್ತಲೇ ಇದ್ದರೆ ನಿಲ್ಲಿಸಿ.
- ಬ್ಯಾಟರಿ ವೋಲ್ಟ್: ಎಂಜಿನ್ ಆಫ್ ಇದ್ದಾಗ ಒಳ್ಳೆ ಬ್ಯಾಟರಿ 12.6 ಹತ್ತಿರ. ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಓಡುತ್ತಿದ್ದರೂ 12 ಆಗಿ ಇನ್ನೂ ಇಳಿಯುತ್ತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಇಂಥ ಗಾಡಿ ನಿಂತ ಮೇಲೆ ತಣ್ಣಗಾದರೂ ಸ್ಟಾರ್ಟ್ ಆಗೋದಿಲ್ಲ. ಗುರುತು ಹಿಡಿಯಲು ಅದೇ ಸುಲಭ.
- ಸ್ಟಾರ್ಟರ್ ತಿರುಗುವಾಗಿನ ಆರ್‌ಪಿಎಂ: 150-300 ಆಸುಪಾಸು ತೋರಿಸಬೇಕು.
- ಫ್ಯುಯಲ್ ಟ್ರಿಮ್: ಲೋಡಿನಲ್ಲಿ ಓಡುವಾಗ ಶೇ 10ಕ್ಕಿಂತ ಮೇಲೇರಿ ಅಲ್ಲೇ ಇದ್ದರೆ ಎಂಜಿನ್ನಿಗೆ ಇಂಧನ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಕಳ್ಳ ಗಾಳಿ ಒಳಗೆ ಬರುತ್ತಿದೆ.

ಕೋಡ್ ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಅಳಿಸಬೇಡಿ. ಪಿ0335 ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಪಿ0087 ಅಂದರೆ ಇಂಧನದ ಒತ್ತಡ ಕಡಿಮೆ. ಪಿ0171 ಅಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಆದರೆ ಒಂದು ಎಚ್ಚರ: ಕೋಡ್ ತೋರಿಸೋದು ಯಾವ ಮನೆಯಲ್ಲಿ ಜಗಳ ಆಗಿದೆ ಅನ್ನೋದನ್ನ. ತಪ್ಪು ಯಾರದು ಅಂತ ಅದು ಹೇಳೋದಿಲ್ಲ. ಪಿ0335 ಬಂದರೆ ಸೆನ್ಸರೇ ಕೆಟ್ಟಿರಬೇಕಂತಿಲ್ಲ, ಅದರ ವೈರನ್ನು ಇಲಿ ಕಡಿದಿದ್ದರೂ ಅದೇ ಕೋಡ್. ಕಾಳು-ಕಡಿ ಇಡುವ ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವವರು ವೈರುಗಳನ್ನೇ ಮೊದಲು ನೋಡಿರಿ.

ವ್ಯಾನಿನ ಕಾರಣ ಸಿಕ್ಕಿದ್ದು ಹೀಗೆ

ನಾಲ್ಕನೇ ಸಲ ನಾನೂ ಜೊತೆಗೆ ಕೂತೆ. ಮಧ್ಯಾಹ್ನ ಲೋಡ್ ಹಾಕಿಕೊಂಡೇ ಹೊರಟೆವು. ಹೇಳಿ ಬರೆಸಿದಂತೆ ನಲವತ್ತೈದು ನಿಮಿಷಕ್ಕೆ ಗಾಡಿ ಆಫ್. ಬದಿಗೆ ತಂದು ನೋಡಿದೆವು. ಟ್ಯಾಂಕಿನ ಮುಚ್ಚಳ ತೆಗೆದರೂ ವ್ಯತ್ಯಾಸ ಇಲ್ಲ. ಕೀ ಆನ್ ಮಾಡಿದರೆ ಪಂಪಿನ ಸದ್ದು ಎರಡು ಸೆಕೆಂಡ್ ಸರಿಯಾಗಿ ಬಂತು. ಸ್ಟಾರ್ಟರ್ ಜೋರಾಗಿಯೇ ತಿರುಗಿತು. ಆದರೆ ಕಿಡಿ ಇಲ್ಲ. ಫೋನಿನಲ್ಲಿ ಆರ್‌ಪಿಎಂ ಸೊನ್ನೆ.

ಕ್ರ್ಯಾಂಕ್ ಸೆನ್ಸರ್ ಅನ್ನೋದು ಎಂಜಿನ್ ತಿರುಗುತ್ತಿದೆ, ಇಂಥ ಜಾಗದಲ್ಲಿದೆ ಅಂತ ಕಂಪ್ಯೂಟರಿಗೆ ಹೇಳುವ ಕಣ್ಣು. ಆ ಕಣ್ಣು ಮುಚ್ಚಿದರೆ ಎಂಜಿನ್ ತಿರುಗುತ್ತಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ನಿಂತಿದೆ. ಆಗ ಅದು ಕಿಡಿ ಕೊಡೋದಿಲ್ಲ, ಇಂಜೆಕ್ಟರ್ ತೆರೆಯೋದಿಲ್ಲ, ಪಂಪನ್ನೂ ಬಂದ್ ಮಾಡುತ್ತದೆ. ಎಂಜಿನ್ ನಿಂತಿರುವಾಗ ಪಂಪ್ ಓಡುತ್ತಿದ್ದರೆ ಬೆಂಕಿಯ ಅಪಾಯ ಅಂತ ಹಾಗೆ ಮಾಡಿಟ್ಟಿದ್ದಾರೆ. ಹಿಂದೆ ಆ ವ್ಯಾನಿಗೆ ಹೊಸ ಪಂಪ್ ಬಿದ್ದದ್ದು ಇದರಿಂದಲೇ. ಸ್ಟಾರ್ಟರ್ ಹೊಡೆಯುವಾಗ ಪಂಪ್ ಓಡುತ್ತಿಲ್ಲ ಅನ್ನೋದು ಕಂಡಿದೆ, ಪಂಪ್ ಕೆಟ್ಟಿದೆ ಅಂದುಕೊಂಡಿದ್ದಾರೆ. ಪಂಪ್ ಚೆನ್ನಾಗಿಯೇ ಇತ್ತು, ಅದಕ್ಕೆ ಓಡು ಅಂತ ಹೇಳುವವರು ಇರಲಿಲ್ಲ.

ಕೀ ಆಫ್ ಮಾಡಿ, ಫ್ಯಾನು-ಬೆಲ್ಟಿಗೆ ಸಿಗದಂತೆ, ಸೈಲೆನ್ಸರಿಗೆ ಕೈ ತಾಗದಂತೆ ನೋಡಿಕೊಂಡು ಸೆನ್ಸರಿನ ಮೇಲೆ ಒದ್ದೆ ಬಟ್ಟೆ ಇಟ್ಟೆವು. ಮೂರು ನಿಮಿಷ. ಬಟ್ಟೆ ತೆಗೆದು ಸ್ಟಾರ್ಟರ್ ಹೊಡೆದರೆ ಆರ್‌ಪಿಎಂ ಬಂತು, ಗಾಡಿ ಸ್ಟಾರ್ಟ್. ಇಡೀ ಎಂಜಿನ್ ಇನ್ನೂ ಕೆಂಡದಂತೆ ಇತ್ತು, ತಣ್ಣಗಾಗಿದ್ದು ಆ ಒಂದು ಮೂಲೆ ಮಾತ್ರ.

ಇಷ್ಟಾದರೂ ಅಂಗಡಿಗೆ ಓಡಲಿಲ್ಲ. ಮನೆಗೆ ಬಂದು ವೈರು, ಪ್ಲಗ್ಗಿನ ಪಿನ್ನು ನೋಡಿದೆವು, ಸರಿ ಇದ್ದವು. ಆ ವ್ಯಾನಿನದು ಎರಡು ತಂತಿಯ ಸೆನ್ಸರ್, ಒಳಗೆ ತಂತಿ ಸುರುಳಿ ಇರುವಂಥದ್ದು. ಮಲ್ಟಿಮೀಟರ್ ಇಟ್ಟರೆ ತಣ್ಣಗಿದ್ದಾಗ ಓಮ್ ಅಂಕಿ ಸರಿಯಾಗಿ ತೋರಿಸಿತು. ಹೇರ್ ಡ್ರೈಯರಿನಿಂದ ಕಾಯಿಸಿದರೆ ಅಂಕಿ ಹೋಗಿ ತಂತಿ ಕಡಿದ ಗುರುತು ಬಂತು. ಈಗ ಅನುಮಾನ ಉಳಿಯಲಿಲ್ಲ. ಮೂರು ತಂತಿಯ ಸೆನ್ಸರಿಗೆ ಈ ಓಮ್ ಪರೀಕ್ಷೆ ನಡೆಯೋದಿಲ್ಲ ಅನ್ನೋದು ನೆನಪಿರಲಿ.

ಹೊಸ ಸೆನ್ಸರಿಗೆ ಬಿದ್ದ ಖರ್ಚು ಪಂಪಿಗೆ ಕೊಟ್ಟದ್ದರ ಕಾಲು ಭಾಗವೂ ಆಗಲಿಲ್ಲ. ಆದರೆ ರಿಪೇರಿ ಆಯ್ತು ಅಂತ ಹೇಳಿದ್ದು ಅವತ್ತಲ್ಲ. ಅದೇ ಮಧ್ಯಾಹ್ನದ ಹೊತ್ತು, ಅದೇ ಲೋಡ್, ಅದೇ ರಸ್ತೆಯಲ್ಲಿ ಮೂರು ಸಲ ನಿಲ್ಲದೆ ಹೋಗಿ ಬಂದ ಮೇಲೆ. ಯಾವ ಪರಿಸ್ಥಿತಿಯಲ್ಲಿ ಕೆಟ್ಟಿತ್ತೋ ಅದೇ ಪರಿಸ್ಥಿತಿಯಲ್ಲಿ ಪಾಸಾಗಬೇಕು. ನಾಲ್ಕನೇ ಸಲ ಹುಡುಗ ತಾಯಿಯನ್ನು ಕೂರಿಸಿಕೊಂಡು ಹೋದ.

ಇಂಧನದ ಕಡೆಯ ರೋಗವಾದರೆ

ಎಲ್ಲ ಗಾಡಿಯದೂ ಸೆನ್ಸರ್ ರೋಗ ಅಂತ ತಿಳಿಯಬೇಡಿ. ಜರ್ಕ್ ಹೊಡೆದು ನಿಲ್ಲುವ ಗಾಡಿಯಲ್ಲಿ ಇವನ್ನು ನೋಡಿ.

ಟ್ಯಾಂಕಿನೊಳಗೆ ಪಂಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ. ಟ್ಯಾಂಕಿನ ಕಸ ಓಡುವಾಗ ನಿಧಾನವಾಗಿ ಅದಕ್ಕೆ ಅಂಟುತ್ತದೆ. ಗಾಡಿ ನಿಂತ ಮೇಲೆ ಎಳೆತ ಇಲ್ಲದೆ ಕಸ ಕಳಚಿ ಕೆಳಗೆ ಬೀಳುತ್ತದೆ, ಮತ್ತೆ ಸ್ಟಾರ್ಟ್. ಇದೂ ಹದಿನೈದು ನಿಮಿಷ ಬಿಟ್ಟರೆ ಸರಿಯಾಗುವ ಕಾರಣ ಬಿಸಿಯ ರೋಗದಂತೆಯೇ ಕಾಣುತ್ತದೆ. ವ್ಯತ್ಯಾಸ ಎಂದರೆ ಇದು ಬೆಳಗಿನ ತಂಪಿನಲ್ಲೂ ನಿಲ್ಲುತ್ತದೆ, ಮತ್ತು ಆರ್‌ಪಿಎಂ ಸೊನ್ನೆ ಇರೋದಿಲ್ಲ.

ಇಂಜೆಕ್ಷನ್ ಗಾಡಿಯ ಪಂಪಿಗೆ ಸುತ್ತಲಿನ ಪೆಟ್ರೋಲೇ ತಂಪು ಕೊಡುವುದು. ಯಾವಾಗಲೂ ರಿಸರ್ವಿನಲ್ಲಿ ಓಡಿಸಿದರೆ ಪಂಪ್ ಕಾದು ಬೇಗ ಸವೆಯುತ್ತದೆ. ದೂರ ಹೋಗುವಾಗ ಕಾಲು ಟ್ಯಾಂಕಿಗಿಂತ ಕಡಿಮೆ ಬಿಡಬೇಡಿ.

ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು, ಹಳೇ ಟ್ಯಾಂಕಿನ ಗೋಡೆಗೆ ಅಂಟಿದ ಜಿಡ್ಡನ್ನೂ ಬಿಡಿಸಬಲ್ಲದು. ಹಾಗೆ ಬಿಟ್ಟ ಜಿಡ್ಡು ಹೋಗಿ ಸೇರೋದು ಫಿಲ್ಟರಿಗೆ. ಹಳೇ ಗಾಡಿ ಇದ್ದವರು ಫಿಲ್ಟರನ್ನು ಅವಧಿಗಿಂತ ಮೊದಲೇ ಬದಲಿಸಿ, ರಬ್ಬರ್ ಪೈಪು ಬಿರುಕು ಬಿಟ್ಟಿದೆಯಾ ನೋಡಿ, ಗಾಡಿಯನ್ನು ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿಡಬೇಡಿ.

ಕಾರ್ಬ್ಯುರೇಟರ್ ಇರುವ ಬಹಳ ಹಳೇ ಗಾಡಿಯಲ್ಲಿ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟುತ್ತದೆ. ಪೈಪಿಗೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿದರೆ ಸ್ಟಾರ್ಟ್ ಆಗುವುದು ಇದರ ಗುರುತು. ಪೈಪನ್ನು ಸೈಲೆನ್ಸರಿನಿಂದ ದೂರ ಸರಿಸಿ ಕಟ್ಟಿಸಿ.

ಡೀಸೆಲ್ ಪಿಕಪ್ ಮತ್ತು ಟ್ರ್ಯಾಕ್ಟರ್

ಉಳುಮೆ ಮಾಡುವಾಗ ಒಂದು ತಾಸಿನ ನಂತರ ಟ್ರ್ಯಾಕ್ಟರ್ ಮುಕ್ಕರಿಸಿ ನಿಲ್ಲುತ್ತದೆಯೇ? ಅಲ್ಲಿಯೂ ಲೆಕ್ಕ ಇದೇ.

- ಫಿಲ್ಟರಿನ ಕೆಳಗಿನ ನೀರು ಬಿಡುವ ತಿರುಪನ್ನು ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿಯಿರಿ. ತಳದಲ್ಲಿ ನೀರು ಬೇರೆಯಾಗಿ ಕಾಣುತ್ತದೆ.
- ಕೈಪಂಪಿನ ರಬ್ಬರ್ ಉಂಡೆ ಇದ್ದರೆ, ನಿಂತ ಕೂಡಲೆ ಮುಟ್ಟಿ ನೋಡಿ. ಒಳಗೆ ಎಳೆದುಕೊಂಡು ಚಪ್ಪಟೆ ಆಗಿದ್ದರೆ ಟ್ಯಾಂಕಿನ ಕಡೆ ದಾರಿ ಕಟ್ಟಿದೆ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಹೊಗುತ್ತಿದೆ.
- ಕ್ಯಾನು, ಬ್ಯಾರಲ್ಲಿನಲ್ಲಿ ಡೀಸೆಲ್ ಇಡುವವರು ತಳದ ನಾಲ್ಕು ಬೆರಳು ಡೀಸೆಲನ್ನು ಟ್ಯಾಂಕಿಗೆ ಸುರಿಯಬೇಡಿ. ನೀರು, ಎರೆಮಣ್ಣಿನ ಧೂಳು ಕೂರುವುದೇ ಅಲ್ಲಿ.
- ಕಾಮನ್ ರೈಲ್ ಡೀಸೆಲ್ ಗಾಡಿಯ ಇಂಜೆಕ್ಟರ್ ಪೈಪನ್ನು ಸಡಿಲಿಸಿ ನೋಡಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟಿರುತ್ತದೆ. ಸೂಜಿಯಂತೆ ಡೀಸೆಲ್ ಚರ್ಮದೊಳಗೆ ಹೊಗುತ್ತದೆ, ಬೆರಳು ಕಳಕೊಳ್ಳುವ ಮಾತು.

ಗಾಳಿ, ಬಿಸಿ, ಹೊಗೆ

ಹತ್ತಿ ಹಂಗಾಮಿನಲ್ಲಿ ಅರಳೆ, ಭತ್ತದ ರಾಶಿಯ ಹೊತ್ತಿಗೆ ಹೊಟ್ಟು ರೇಡಿಯೇಟರಿನ ಸಣ್ಣ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ತಣ್ಣಗಿದ್ದಾಗ ಎಂಜಿನ್ ಕಡೆಯಿಂದ ಹೊರಕ್ಕೆ ಕಡಿಮೆ ಒತ್ತಡದ ನೀರು ಬಿಟ್ಟು ತೊಳೆಯಿರಿ. ಏರ್ ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿ, ಬೆಳಕು ಕಾಣದಿದ್ದರೆ ಬದಲಿಸಿ. ದೂರ ಹೋದಷ್ಟೂ ಶಕ್ತಿ ಇಳಿಯುತ್ತಾ, ಎಕ್ಸಲರೇಟರ್ ಪೂರ್ತಿ ಒತ್ತಿದರೂ ವೇಗ ಏರದೆ, ಸೈಲೆನ್ಸರ್ ಭಾಗ ವಿಪರೀತ ಕಾಯುತ್ತಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿರಬಹುದು. ಇದರ ಪರೀಕ್ಷೆ ಗ್ಯಾರೇಜಿನಲ್ಲೇ ಆಗಬೇಕು. ಒಣ ಹುಲ್ಲು, ಕಣಿಕೆಯ ಮೇಲೆ ಇಂಥ ಗಾಡಿ ನಿಲ್ಲಿಸಬೇಡಿ, ಬೆಂಕಿ ಹತ್ತುತ್ತದೆ.

ಗ್ಯಾರೇಜಿನಲ್ಲಿ ಹೇಗೆ ಮಾತಾಡಬೇಕು?

ಗಾಡಿ ನಿಲ್ತದೆ, ನೋಡ್ರಿ ಅಂತ ಮಾತ್ರ ಹೇಳಿದರೆ ಮೆಕ್ಯಾನಿಕ್ ಊಹೆ ಮಾಡಲೇಬೇಕಾಗುತ್ತದೆ. ಅವನಿಗೂ ಹೊಟ್ಟೆಪಾಡು, ಗ್ಯಾರೇಜಿನಲ್ಲಿ ನಿಲ್ಲದ ಗಾಡಿಯನ್ನು ಹಿಡಿದು ಅವನಾದರೂ ಏನು ಮಾಡಿಯಾನು? ನಿಮ್ಮ ದಾಖಲೆ, ವಿಡಿಯೊ, ಸ್ಕ್ರೀನ್‌ಶಾಟ್ ತೋರಿಸಿ. ಪಾರ್ಟ್ ಬದಲಿಸೋಣ ಅಂದರೆ ಒಂದೇ ಪ್ರಶ್ನೆ ಕೇಳಿ: ಇದು ಕೆಟ್ಟಿದೆ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯ್ತು? ಒಳ್ಳೆ ಮೆಕ್ಯಾನಿಕ್ ಸಿಟ್ಟಾಗೋದಿಲ್ಲ, ತೋರಿಸ್ತಾನೆ. ಒಂದು ಸಲಕ್ಕೆ ಒಂದೇ ಪಾರ್ಟ್ ಹಾಕಿಸಿ. ತೆಗೆದ ಹಳೇ ಪಾರ್ಟ್ ಕೇಳಿ ತಗೊಳ್ಳಿ. ಅದು ಚೆನ್ನಾಗಿದ್ದರೆ ಮುಂದೆ ಬೇಕಾಗುತ್ತದೆ.

ಈ ವಾರ ಮಾಡಬೇಕಾದ್ದು

1. ಗಾಡಿ ಚೆನ್ನಾಗಿರುವಾಗಲೇ ಪಂಪಿನ ಸದ್ದು ಕೇಳಿ, ಸ್ಟಾರ್ಟರ್ ತಿರುಗುವಾಗಿನ ಆರ್‌ಪಿಎಂ ವಿಡಿಯೊ ಮಾಡಿಟ್ಟುಕೊಳ್ಳಿ. ಸರಿ ಇದ್ದಾಗ ಹೇಗಿರುತ್ತದೆ ಅಂತ ಗೊತ್ತಿದ್ದರೆ ಮಾತ್ರ ಕೆಟ್ಟಿದ್ದು ಗೊತ್ತಾಗುತ್ತದೆ.
2. ಮೇಲಿನ ಏಳು ಪ್ರಶ್ನೆಗಳನ್ನು ಫೋನಿನ ನೋಟ್ಸಿನಲ್ಲಿ ಹಾಕಿಕೊಳ್ಳಿ.
3. ಗಾಡಿಯಲ್ಲಿ ತ್ರಿಕೋನ ಬೋರ್ಡು, ಟಾರ್ಚ್, ಎರಡು ಲೀಟರ್ ನೀರು, ಒಂದು ಹತ್ತಿ ಬಟ್ಟೆ, ಬೇರೆ ಬೇರೆ ಫ್ಯೂಸು ಇಡಿ.
4. ಫ್ಯೂಸ್ ಪೆಟ್ಟಿಗೆಯಲ್ಲಿ ಪಂಪಿನ ರಿಲೇ ಎಲ್ಲಿದೆ, ಕ್ರ್ಯಾಂಕ್ ಸೆನ್ಸರ್ ಎಲ್ಲಿದೆ ಅಂತ ನಿಮ್ಮ ಮೆಕ್ಯಾನಿಕ್ ಹತ್ತಿರ ಕೇಳಿ ಫೋಟೊ ತೆಗೆದುಕೊಳ್ಳಿ.

ಬೆಳೆಗೆ ರೋಗ ಬಂದರೆ ಎಲೆ ನೋಡದೆ ಔಷಧಿ ಹೊಡೆಯಬಾರದು ಅಂತ ಇದೇ ಅಂಕಣದಲ್ಲಿ ಎಷ್ಟೋ ಸಲ ಓದಿದ್ದೀರಿ. ಗಾಡಿಗೂ ಅದೇ ನ್ಯಾಯ. ಮೊದಲು ಲಕ್ಷಣ, ಆಮೇಲೆ ಪರೀಕ್ಷೆ, ಕೊನೆಗೆ ಪಾರ್ಟ್.